ಕ್ಯಾಟಿಲೈನ್ ಸಂಚು: ಮೊದಲು ಸಿಸೆರೊ ಓದಬೇಕಾ, ಸಾಲಸ್ಟ್ ಓದಬೇಕಾ?

ಕ್ರಿ.ಪೂ. 63ರಲ್ಲಿ ಕ್ಯಾಟಿಲೈನ್ ಎಂಬ ರೋಮನ್ ರಾಜಕಾರಣಿ ಸರ್ಕಾರವನ್ನು ಉರುಳಿಸಲು ಸಂಚು ಹೂಡಿದ. ಆ ಒಂದೇ ಸಂಚಿನ ಬಗ್ಗೆ ವಾಗ್ಮಿ ಸಿಸೆರೊ, ಇತಿಹಾಸಕಾರ ಸಾಲಸ್ಟ್ ಇಬ್ಬರದೂ ಬರಹ ಇದೆ. ಮಾತಿನ ತಾಕತ್ತು ನೋಡಬೇಕಾದರೆ ಸಿಸೆರೊ. ಆಗ ಅವನೇ ಕಾನ್ಸಲ್, ಅಂದರೆ ರೋಮ್‌ನ ಅತ್ಯುನ್ನತ ಅಧಿಕಾರಿಗಳಲ್ಲಿ ಒಬ್ಬ. ರೋಮ್‌ನ ಆಡಳಿತ ಸಭೆಯಾದ ಸೆನೆಟ್‌ನಲ್ಲಿ ಕ್ಯಾಟಿಲೈನ್ ಎದುರಿಗೇ ಕೂತಿದ್ದಾನೆ. 'ಇನ್ನೆಷ್ಟು ದಿನ ನಮ್ಮ ತಾಳ್ಮೆ ಕೆಣಕುತ್ತೀಯ?' ಎಂದೇ ಸಿಸೆರೊ ಶುರು ಮಾಡುತ್ತಾನೆ. ನೀನು ಬಂದದ್ದೇ ತಡ, ಸುತ್ತಲಿನ ಆಸನಗಳು ಖಾಲಿಯಾದವಲ್ಲ ಎಂದು ಚುಚ್ಚುತ್ತಾನೆ. ಆದರೆ ಇದು ಅಧಿಕಾರದಲ್ಲಿದ್ದವನ ಮಾತು, ಅಲ್ವಾ? ಎದುರಾಳಿಯ ಉತ್ತರ ಇಲ್ಲಿ ಸಿಗುವುದಿಲ್ಲ.

ಸಾಲಸ್ಟ್ ಬರೆದದ್ದು ಸುಮಾರು 20 ವರ್ಷಗಳ ನಂತರ. ಸಾಲ, ದುರಾಸೆ, ಹದಗೆಟ್ಟ ರಾಜಕೀಯ ಎಲ್ಲವನ್ನೂ ಕೆದಕುತ್ತಾನೆ. ಸಿಕ್ಕಿಬಿದ್ದ ಸಂಚುಕೋರರನ್ನು ಕೊಲ್ಲಬೇಕೋ ಬೇಡವೋ ಎಂದು ಸೆನೆಟ್ ಸದಸ್ಯರಾದ ಸೀಸರ್ ಮತ್ತು ಕೇಟೊ ವಾದಿಸುವ ಭಾಗವನ್ನಂತೂ ಬಿಡಲೇಬಾರದು.

ಸಮಯ ಕಮ್ಮಿ ಇದ್ದರೆ ಸಿಸೆರೊನ ಮೊದಲ ಭಾಷಣ ಸಾಕು. ಅಧಿಕಾರದ ಒಳಗುಟ್ಟು ಬೇಕಾದರೆ ಸಾಲಸ್ಟ್‌ನಿಂದಲೇ ಶುರು ಮಾಡಿ. ನನ್ನ ಓಟು ಅವನಿಗೇ.