ಹಳೇ ಲ್ಯಾಪ್‌ಟಾಪ್, ಹೊಸ ರೂಟರ್: ಡಾಂಗಲ್, ಕೇಬಲ್, ಲಿನಕ್ಸ್ ನೋಡಿ ಕೊನೆಗೆ ಉಳಿಸಿಕೊಂಡಿದ್ದು ಎರಡನೇ ವೈಫೈ ಹೆಸರು

ವಿಂಡೋಸ್ 7 ಇರುವ ಲ್ಯಾಪ್‌ಟಾಪ್ ಹೊಸ ರೂಟರ್‌ನ ವೈಫೈ ಹಿಡಿಯುತ್ತಿಲ್ಲ ಅಂದರೆ ಅಂಗಡಿಗೆ ಹೋಗುವ ಮೊದಲು ರೂಟರ್ ಸೆಟ್ಟಿಂಗ್ ತೆಗೆದು ನೋಡಿ. ಆ ಲ್ಯಾಪ್‌ಟಾಪ್‌ಗೆ ಅಂತಲೇ 2.4 ಗಿಗಾಹರ್ಟ್ಸ್‌ನಲ್ಲಿ (5ಕ್ಕಿಂತ ದೂರ ಹೋಗುವ ವೈಫೈ ತರಂಗ) ಇನ್ನೊಂದು ವೈಫೈ ಹೆಸರು ಮಾಡಿ, ಸೆಕ್ಯುರಿಟಿ, ಅಂದರೆ ವೈಫೈಗೆ ಹಾಕುವ ಬೀಗ, ಡಬ್ಲ್ಯುಪಿಎ2 ಎಇಎಸ್ ಇಡಿ. ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಸಣ್ಣ ವೈಫೈ ಸಾಧನ), ಕೇಬಲ್, ಲಿನಕ್ಸ್ (ವಿಂಡೋಸ್ ಬದಲು ಹಾಕಬಹುದಾದ ವ್ಯವಸ್ಥೆ) ಮೂರನ್ನೂ ನೋಡಿದ ಮೇಲೂ ನನ್ನ ಓಟು ಇದಕ್ಕೇ. ಒಂದು ರೂಪಾಯಿ ಖರ್ಚಿಲ್ಲ.

ನಮ್ಮದು ಚಿಕ್ಕಮಗಳೂರು ತಾಲ್ಲೂಕು ಆಲ್ದೂರು ಕಡೆಯ ಸಣ್ಣ ಕಾಫಿ ತೋಟ. ಏಪ್ರಿಲ್‌ನ ಗುಡುಗು ಮಳೆಯಲ್ಲಿ ಹಳೇ ರೂಟರ್ ಸುಟ್ಟುಹೋಯ್ತು, ಹೊಸದು ತಂದೆವು. ಫೋನ್‌ಗಳೆಲ್ಲ ಕೂಡಲೇ ಹಿಡಿದವು. ಆಫೀಸ್ ಕೋಣೆಯ ಲ್ಯಾಪ್‌ಟಾಪ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ತೋಟದ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಬಟವಾಡೆ ಲೆಕ್ಕ, ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದ ವರ್ಷಗಟ್ಟಲೆ ಪತ್ರಗಳು ಎಲ್ಲ ಅದರಲ್ಲೇ ಇವೆ. ಮಾವನವರು ಹೇಳಿದ್ದು ಇಷ್ಟೇ: “ಇದನ್ನ ಬದಲಾಯಿಸೋದು ಬೇಡಮ್ಮ, ನೆಟ್ ಬರೋ ಹಾಗೆ ಮಾಡು ಸಾಕು.” ಹಾಗಾಗಿ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮಾತು ಈ ಹೋಲಿಕೆಯಲ್ಲಿ ಇಲ್ಲ.

ಕಾರಣ ಸರಳ. ಡಬ್ಲ್ಯುಪಿಎ2ರ ನಂತರದ ಹೊಸ ಬೀಗವಾದ ಡಬ್ಲ್ಯುಪಿಎ3 ಬಂದಿದ್ದು 2018ರಲ್ಲಿ. ವಿಂಡೋಸ್ 7 ಬಂದಿದ್ದು 2009ರಲ್ಲಿ, ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2020ರ ಜನವರಿಯಲ್ಲಿ. ಡಬ್ಲ್ಯುಪಿಎ3 ಅದಕ್ಕೆ ಬರಲೇ ಇಲ್ಲ. ವಿಂಡೋಸ್ 10ಕ್ಕೂ 2019ರ ಅಪ್‌ಡೇಟ್ ಆದಮೇಲೇ ಬಂದಿದ್ದು. ನಮ್ಮ ಹೊಸ ರೂಟರ್ ‘ಡಬ್ಲ್ಯುಪಿಎ3 ಮಾತ್ರ’ ಅಂತ ಕೂತಿತ್ತು. ಪಾಸ್‌ವರ್ಡ್ ಎಷ್ಟು ಸರಿಯಾಗಿ ಹೊಡೆದರೂ ಲ್ಯಾಪ್‌ಟಾಪ್‌ಗೆ ಆ ಭಾಷೆಯೇ ಗೊತ್ತಿಲ್ಲ.

ಸರಿ, ರೂಟರ್‌ನಲ್ಲಿ ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿದ ಮಿಕ್ಸೆಡ್ ಮೋಡ್ ಇರುತ್ತಲ್ವಾ, ಅದನ್ನು ಹಾಕಿದರೆ ಮುಗೀತು ಅಂತ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಮುಗಿಯಲಿಲ್ಲ. ಜಾಸ್ತಿ ಹೊತ್ತು ತಿಂದಿದ್ದು ಇದೇ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಫೋನ್‌ಗಳಲ್ಲಿ ಮತ್ತೆ ಪಾಸ್‌ವರ್ಡ್ ಹಾಕುವ ಕೆಲಸ ಬೇಡ ಅಂತ ಹೊಸ ರೂಟರ್‌ಗೂ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಇಟ್ಟಿದ್ದೆವು. ವಿಂಡೋಸ್ 7 ಆ ಹೆಸರಿನ ಜೊತೆ ಹಳೇ ರೂಟರ್‌ನ ಸೆಕ್ಯುರಿಟಿ ವಿವರವನ್ನೂ ನೆನಪಿಟ್ಟುಕೊಂಡಿರುತ್ತದೆ. ಮಿಕ್ಸೆಡ್ ಮೋಡ್ ಹಾಕಿದ ಮೇಲೆ ಅದು ಪಾಸ್‌ವರ್ಡ್ ಕೇಳಲೇ ಇಲ್ಲ. ಈ ಕಂಪ್ಯೂಟರ್‌ನಲ್ಲಿ ಉಳಿಸಿದ ಸೆಟ್ಟಿಂಗ್ ನೆಟ್‌ವರ್ಕ್ ಕೇಳುವುದಕ್ಕೆ ಹೊಂದುವುದಿಲ್ಲ ಅನ್ನುವ ಇಂಗ್ಲಿಷ್ ಸಾಲೊಂದನ್ನು ತೋರಿಸಿ ಸುಮ್ನೆ ಕೂತಿತು. ಈ ಸಾಲು ಬಂದರೆ ಪಾಸ್‌ವರ್ಡ್ ಬದಲಾಯಿಸಿ ಪ್ರಯೋಜನವಿಲ್ಲ. ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್ ತೆರೆದು, ಎಡಗಡೆ ಇರುವ ‘ಮ್ಯಾನೇಜ್ ವೈರ್‌ಲೆಸ್ ನೆಟ್‌ವರ್ಕ್ಸ್’ಗೆ ಹೋಗಿ, ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ತೆಗೆದುಹಾಕಬೇಕು. ಆಮೇಲೆ ಹೊಸದಾಗಿ ಕನೆಕ್ಟ್ ಕೊಟ್ಟರೆ ಪಾಸ್‌ವರ್ಡ್ ಕೇಳುತ್ತದೆ.

ಪಾಸ್‌ವರ್ಡ್ ಬಾಕ್ಸ್‌ನ ಕೆಳಗೆ ‘ಹೈಡ್ ಕ್ಯಾರೆಕ್ಟರ್ಸ್’ ಅಂತ ಒಂದು ಟಿಕ್ ಇದೆ. ಅದು ಹಾಕಿದ್ದರೆ ತೆಗೆಯಿರಿ, ಹೊಡೆದ ಅಕ್ಷರ ಕಣ್ಣಿಗೆ ಕಾಣುತ್ತದೆ. ನುಡಿ ಓಡುತ್ತಿದ್ದರೆ ಮೊದಲು ಅದನ್ನು ಮುಚ್ಚಿ. ವೈಫೈ ಪಾಸ್‌ವರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಮಾತ್ರ ನಡೆಯುತ್ತವೆ. ಬರೀ ಚುಕ್ಕಿ ಕಾಣುವ ಬಾಕ್ಸ್‌ನಲ್ಲಿ ಏನು ಹೋಯ್ತು ಅಂತ ಗೊತ್ತಾಗುವುದಿಲ್ಲ. ನುಡಿ ಬಳಸುವ ಎಷ್ಟೋ ಆಫೀಸುಗಳಲ್ಲಿ ಇದೊಂದನ್ನು ನೋಡಿಕೊಂಡರೆ ಅರ್ಧ ತಲೆನೋವು ಇಳಿಯುತ್ತದೆ.

ಇಷ್ಟು ಮಾಡಿದ ಮೇಲೂ ಮಿಕ್ಸೆಡ್ ಮೋಡ್‌ನಲ್ಲಿ ನಮ್ಮದು ಹಿಡಿಯುತ್ತಿತ್ತು, ಬಿಡುತ್ತಿತ್ತು. ರೂಟರ್‌ನಲ್ಲಿ ಪಿಎಂಎಫ್ ಅನ್ನುವ ಇನ್ನೊಂದು ಆಯ್ಕೆ ಇರುತ್ತದೆ. ವೈಫೈಯನ್ನು ನಡೆಸುವ ಒಳಗಿನ ಸಂದೇಶಗಳಿಗೆ ಅದು ರಕ್ಷಣೆ ಕೊಡುತ್ತದೆ. ಡಬ್ಲ್ಯುಪಿಎ3ಗೆ ಅದು ಕಡ್ಡಾಯ, ಮಿಕ್ಸೆಡ್‌ನಲ್ಲಿ ಐಚ್ಛಿಕ. ವಿಂಡೋಸ್‌ನಲ್ಲಿ ಅದು ಬಂದಿದ್ದು 8ರಿಂದ. ‘ಐಚ್ಛಿಕ’ ಅಂತ ಇದ್ದರೂ ಕೆಲವು ಹಳೇ ಡ್ರೈವರ್‌ಗಳು (ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ) ತಡವರಿಸುತ್ತವೆ. ಮನೆಯವರೆಲ್ಲರ ಫೋನ್‌ಗೂ ಆ ರಕ್ಷಣೆ ಇರಲಿ, ಲ್ಯಾಪ್‌ಟಾಪ್‌ಗೊಂದು ಬೇರೆ ದಾರಿ ಇರಲಿ ಅಂತ ಆಗಲೇ ಎರಡನೇ ಹೆಸರಿಗೆ ಹೋಗಿದ್ದು.

ಬ್ರೌಸರ್‌ನಲ್ಲಿ ರೂಟರ್ ವಿಳಾಸ ಹಾಕಿ ಒಳಗೆ ಹೋಗಬೇಕು. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1. ರೂಟರ್ ಅಡಿಯ ಚೀಟಿಯಲ್ಲಿ ಇರುತ್ತದೆ. ಅಲ್ಲಿ ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆ ಅಂತ ಕೊಡುವ ಬೇರೆ ವೈಫೈ) ಆನ್ ಮಾಡಿ, 2.4ರಲ್ಲಿ ಮಾತ್ರ ಇಟ್ಟು, ಹೊಸ ಹೆಸರು ಕೊಟ್ಟು, ಡಬ್ಲ್ಯುಪಿಎ2 ಎಇಎಸ್ ಆರಿಸಿದೆ. ಗೆಸ್ಟ್‌ಗೆ ಬೇರೆ ಸೆಕ್ಯುರಿಟಿ ಕೊಡಲು ಬಿಡದ ರೂಟರ್ ಆದರೆ ಸ್ಮಾರ್ಟ್ ಕನೆಕ್ಟ್ (2.4, 5 ಎರಡಕ್ಕೂ ಒಂದೇ ಹೆಸರು ಕೊಡುವ ಆಯ್ಕೆ) ಆಫ್ ಮಾಡಿ 2.4 ಮತ್ತು 5ಕ್ಕೆ ಬೇರೆ ಬೇರೆ ಹೆಸರು ಕೊಡಿ, 2.4ಕ್ಕೆ ಡಬ್ಲ್ಯುಪಿಎ2 ಇಡಿ. ಚಾನೆಲ್ 1, 6 ಅಥವಾ 11 ಇರಲಿ. 12, 13ನ್ನು ಕೆಲವು ಹಳೇ ಕಾರ್ಡ್‌ಗಳು ನೋಡುವುದೇ ಇಲ್ಲ. ಟಿಕೆಐಪಿ ಅಂತ ಇರುವುದನ್ನು ಆರಿಸಬೇಡಿ. ಅದು ದುರ್ಬಲ, ಮೇಲಾಗಿ ವೇಗ 54 ಎಂಬಿಪಿಎಸ್‌ಗೆ ಇಳಿದುಬಿಡುತ್ತದೆ.

ನಮ್ಮ ಮನೆಯದು ದಪ್ಪ ಮಣ್ಣಿನ ಗೋಡೆ, ಆಫೀಸ್ ಕೋಣೆ ಕಣದ ಆಚೆ. 5 ಗಿಗಾಹರ್ಟ್ಸ್ ಅಲ್ಲಿಗೆ ತಲುಪುವುದೇ ಕಷ್ಟ. ಹಾಗಾಗಿ 2.4ರಲ್ಲಿ ನಾವು ಕಳೆದುಕೊಂಡಿದ್ದು ಏನೂ ಇಲ್ಲ. ಗೆಸ್ಟ್‌ನಲ್ಲಿ ಇನ್ನೊಂದು ಲಾಭ ಇದೆ: ಅಪ್‌ಡೇಟ್ ನಿಂತುಹೋದ ವಿಂಡೋಸ್ 7 ಮನೆಯ ಫೋನ್‌ಗಳಿಂದ ದೂರ ಇರುತ್ತದೆ. ವೈಫೈ ಪ್ರಿಂಟರ್ ಇರುವವರಿಗೆ ಮಾತ್ರ ಇದು ತೊಡಕು, ಗೆಸ್ಟ್‌ನಿಂದ ಪ್ರಿಂಟರ್ ಸಿಗದು. ನಮ್ಮದು ಯುಎಸ್‌ಬಿ ಪ್ರಿಂಟರ್.

ಇನ್ನು ಡಾಂಗಲ್. ಐನೂರು ರೂಪಾಯಿ ಒಳಗೆ ಸಿಕ್ಕಿತು. “ಹೊಸ ಡಾಂಗಲ್ ಹಾಕಿದರೆ ಹೊಸ ವೈಫೈ ಹಿಡಿಯುತ್ತೆ” ಅನ್ನುವ ಮಾತು ವಿಂಡೋಸ್ 7ಕ್ಕೆ ಹೊಂದುವುದಿಲ್ಲ. ಡಬ್ಲ್ಯುಪಿಎ3 ಕಾರ್ಡ್‌ಗೂ ಬೇಕು, ವಿಂಡೋಸ್‌ಗೂ ಬೇಕು. ಡಾಂಗಲ್ ಹಾಕಿದರೂ ‘ಡಬ್ಲ್ಯುಪಿಎ3 ಮಾತ್ರ’ ಇದ್ದಾಗ ಕನೆಕ್ಟ್ ಆಗಲಿಲ್ಲ. ಕೊಳ್ಳುವ ಮೊದಲು ಡಬ್ಬಿಯ ಮೇಲೆ ವಿಂಡೋಸ್ 7 ಡ್ರೈವರ್ ಇದೆಯಾ ನೋಡಿ, ಈಗ ಎಷ್ಟೋ ಡಾಂಗಲ್‌ಗಳಿಗೆ 10, 11ರದ್ದು ಮಾತ್ರ ಬರುತ್ತದೆ. ಒಳಗಿನ ಕಾರ್ಡೇ ಸತ್ತಿದ್ದರೆ ಡಾಂಗಲ್ ಬೇಕೇ ಬೇಕು. ಸಿಗ್ನಲ್ ಕಮ್ಮಿ ಇದ್ದರೆ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್‌ನಲ್ಲಿ ಕಿಟಕಿ ಹತ್ತಿರ ಇಡಬಹುದು.

ನಿಮ್ಮ ಕಾರ್ಡ್ ಏನೇನು ಹಿಡಿಯುತ್ತದೆ ಅಂತ ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಡ್ರೈವರ್ಸ್’ (netsh wlan show drivers) ಅಂತ ಇಂಗ್ಲಿಷ್‌ನಲ್ಲಿ ಹೊಡೆಯಿರಿ. ಬರುವ ಪಟ್ಟಿಯಲ್ಲಿ ಡಬ್ಲ್ಯುಪಿಎ2 ಪರ್ಸನಲ್ ಎದುರು ಸಿಸಿಎಂಪಿ ಅಂತ ಇದ್ದರೆ ಎಇಎಸ್ ನಡೆಯುತ್ತದೆ, ಡಾಂಗಲ್ ಬೇಕಿಲ್ಲ.

ಕೇಬಲ್‌ನಲ್ಲಿ ಪಾಸ್‌ವರ್ಡ್ ತಾಪತ್ರಯವೇ ಇಲ್ಲ, ನೂರು ಮೀಟರ್‌ವರೆಗೆ ಎಳೆಯಬಹುದು. ರೂಟರ್ ಇರುವ ಕೋಣೆಯಲ್ಲೇ ಕಂಪ್ಯೂಟರ್ ಇದ್ದರೆ ನಾನು ಕೇಬಲ್ಲೇ ಹಾಕುತ್ತಿದ್ದೆ. ಆದರೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ತಂತಿ ಎಳೆಯುವುದು ಸಿಡಿಲಿನ ಊರಲ್ಲಿ ಒಳ್ಳೆಯದಲ್ಲ. ರೂಟರ್ ಸುಟ್ಟ ಮನೆಯಲ್ಲಿ ಲ್ಯಾಪ್‌ಟಾಪನ್ನೂ ಆ ತಂತಿಗೆ ಕಟ್ಟಲು ನನಗೆ ಮನಸ್ಸಿಲ್ಲ.

ಲಿನಕ್ಸ್ ಮಿಂಟ್ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿದೆ. ಹಳೇ ಲ್ಯಾಪ್‌ಟಾಪ್ ಹಗುರವಾಯ್ತು ಅನ್ನಿಸುವಷ್ಟು ಚೆನ್ನಾಗಿತ್ತು. ಒಳಗಿನ ಕಾರ್ಡ್‌ಗೆ ಡ್ರೈವರ್ ಬೇರೆ ಬೇಕಾಯ್ತು, ಫೋನನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ (ಫೋನಿನ ನೆಟ್ ವೈರ್ ಮೂಲಕ ಕೊಡುವುದು) ಕಟ್ಟಿ ಇಳಿಸಿದೆ. ಬರೀ ಬ್ರೌಸರ್ ನೋಡುವವರಿಗೆ, ಸುರಕ್ಷತೆ ಮುಖ್ಯ ಅನ್ನುವವರಿಗೆ ಖಂಡಿತ ಇದೇ ಸರಿ. ಮಾವನವರ ನುಡಿ ಕಡತಗಳು ಅಲ್ಲಿ ಹಾಗೇ ತೆರೆಯುವುದಿಲ್ಲ, ಅಲ್ಲಿಗೆ ನಮ್ಮ ಮಟ್ಟಿಗೆ ಮುಗೀತು.

ಡಬ್ಲ್ಯುಇಪಿ ಅನ್ನುವ ತೀರಾ ಹಳೇ ವೈಫೈ ಬೀಗ ಹಾಕುವುದು, ಪಾಸ್‌ವರ್ಡೇ ಇಲ್ಲದೆ ಬಿಡುವುದು: ಬೇಡ. ಡಬ್ಲ್ಯುಇಪಿ ಮುರಿಯುವುದು ಹೇಗೆ ಅಂತ 2001ರಲ್ಲೇ ಲೋಕಕ್ಕೆ ಗೊತ್ತಾಗಿದೆ.

ಡಬ್ಲ್ಯುಪಿಎ2 ಇಟ್ಟುಕೊಂಡರೆ ಪಾಸ್‌ವರ್ಡ್ ಉದ್ದ ಇರಲೇಬೇಕು. ಕನೆಕ್ಟ್ ಆಗುವಾಗಿನ ಮಾತುಕತೆಯನ್ನು ಯಾರಾದರೂ ಹಿಡಿದಿಟ್ಟುಕೊಂಡರೆ ಆಮೇಲೆ ಮನೆಯಲ್ಲಿ ಕೂತು ಪಾಸ್‌ವರ್ಡ್ ಊಹಿಸುತ್ತಾ ಹೋಗಬಹುದು. ನಮ್ಮ ಕಡೆ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವ ರೂಢಿ ಇದೆ. ಹತ್ತು ಅಂಕಿ ಒಳ್ಳೇ ಕಂಪ್ಯೂಟರ್‌ಗೆ ದೊಡ್ಡ ಕೆಲಸವೇ ಅಲ್ಲ. 8ರಿಂದ 63 ಅಕ್ಷರದವರೆಗೆ ಅವಕಾಶ ಇದೆ. ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿ ಒಂದು ಪುಸ್ತಕದಲ್ಲಿ ಬರೆದಿಡಿ.

ಕನೆಕ್ಟ್ ಆದಮೇಲೂ ವೆಬ್‌ಸೈಟ್‌ಗಳು ಸರ್ಟಿಫಿಕೇಟ್ ಸರಿಯಿಲ್ಲ ಅಂದರೆ ಮೂಲೆಯಲ್ಲಿರುವ ತಾರೀಕು ನೋಡಿ. ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಅದು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ, ವೈಫೈಯದು ತಪ್ಪಲ್ಲ.

ಈ ಕೊಯ್ಲು ಮುಗಿದು ಕಾಫಿ ದುಡ್ಡು ಕೈಗೆ ಬಂದಮೇಲೆ ಹೊಸ ಲ್ಯಾಪ್‌ಟಾಪ್ ನೋಡುವ ಯೋಚನೆ ಇದೆ. ಅದು ಬಂದ ದಿನ ರೂಟರ್‌ನಲ್ಲಿ ಗೆಸ್ಟ್ ಆಫ್ ಮಾಡಿದರೆ ಆಯ್ತು, ಬೇರೇನೂ ಬಿಚ್ಚುವ ಕೆಲಸ ಇಲ್ಲ.