‘ಕ್ಯಾಕ್ಟಸ್’ ಎಂಬ ಚೀಟಿಯನ್ನು ನಂಬಿ ನಾಯಿಯ ಕಣ್ಣಿಗೆ ಕುತ್ತು ತಂದುಕೊಂಡದ್ದು

ನಾಯಿ ಇರುವ ಮನೆಯಲ್ಲಿ ಕ್ಯಾಕ್ಟಸ್ ಇಡಬಹುದೇ ಎಂದು ವಿಚಾರಿಸಿದರೆ, ಮುಳ್ಳಿನ ಕಾಟವೊಂದನ್ನು ಬಿಟ್ಟರೆ ಅದರಲ್ಲಿ ವಿಷವಿಲ್ಲ ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ. ಆ ಉತ್ತರ ಬಹುಮಟ್ಟಿಗೆ ಸರಿಯಾದದ್ದೇ. ಅದನ್ನು ನಂಬಿ ನಾನು ಬೆಂಗಳೂರಿನ ಒಂದು ನರ್ಸರಿಯಿಂದ ‘ಪೆನ್ಸಿಲ್ ಕ್ಯಾಕ್ಟಸ್’ ಎಂದು ಚೀಟಿ ಅಂಟಿಸಿದ್ದ ಕುಂಡವನ್ನು ತಂದು ಬಾಲ್ಕನಿಯಲ್ಲಿಟ್ಟೆ. ಮುಳ್ಳೂ ಇಲ್ಲದ ಗಿಡವಾದ್ದರಿಂದ ಒಂಬತ್ತು ತಿಂಗಳ ನಮ್ಮ ಕರಿಯನಿಗೆ ಅಪಾಯವೇನೂ ಇಲ್ಲವೆಂದುಕೊಂಡೆ.

ಮೂರನೆಯ ವಾರ ಅವನು ಅದರ ಕಡ್ಡಿಯೊಂದನ್ನು ಮುರಿದು ಅಗಿದ. ನಾನು ಹೋಗಿ ನೋಡುವಷ್ಟರಲ್ಲಿ ಬಾಯಿಂದ ನೊರೆಜೊಲ್ಲು ಸುರಿಯುತ್ತಿತ್ತು. ಮುರಿದ ತುದಿಯಿಂದ ಬಿಳಿ ಹಾಲು ನೆಲಕ್ಕೆ ತೊಟ್ಟಿಕ್ಕಿತ್ತು. ಉರಿ ತಾಳಲಾರದೆ ಅವನು ಮುಂಗಾಲಿನಿಂದ ಮುಖ ಉಜ್ಜಿಕೊಂಡಿದ್ದರಿಂದ ಆ ಹಾಲು ಎಡಗಣ್ಣಿಗೂ ಸೇರಿ, ರೆಪ್ಪೆ ಬಿಗಿಯಾಗಿ ಮುಚ್ಚಿಹೋಗಿತ್ತು. ಫ್ರಿಜ್‌ನಲ್ಲಿದ್ದ ನನ್ನದೇ ಹಳೆಯ ಕಣ್ಣಿನ ಹನಿಯನ್ನು ಹಾಕಲು ಹೋಗಿ, ಏನೋ ಅನುಮಾನ ಬಂದು ಬಿಟ್ಟೆ. ಅದರಲ್ಲಿ ಸ್ಟೀರಾಯ್ಡ್ ಇತ್ತೆಂದೂ, ಹುಣ್ಣಾದ ಕಣ್ಣಿಗೆ ಅದನ್ನು ಹಾಕಿದ್ದರೆ ಗಾಯ ಮಾಯುವ ಬದಲು ಉಲ್ಬಣಿಸುತ್ತಿತ್ತೆಂದೂ ಪಶುವೈದ್ಯರು ಆಮೇಲೆ ಹೇಳಿದರು. ಅವರು ಕಣ್ಣನ್ನು ಬಹಳ ಹೊತ್ತು ತೊಳೆದು, ಕಿತ್ತಳೆ ಬಣ್ಣದ ದ್ರವ ತಾಕಿಸಿ ನೀಲಿ ಬೆಳಕು ಹಿಡಿದಾಗ, ಕರಿಗುಡ್ಡೆಯ ಮೇಲೆ ಮೆಂತ್ಯದ ಕಾಳಿನಷ್ಟು ಜಾಗ ಹಸಿರಾಗಿ ಹೊಳೆಯಿತು. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಸುಲಿದಿದ್ದ ಜಾಗ ಅದು. ಹನ್ನೆರಡು ದಿನ, ಕಣ್ಣು ಉಜ್ಜಿಕೊಳ್ಳದಂತೆ, ಕೊರಳಿಗೆ ಆಲಿಕೆಯಾಕಾರದ ಪ್ಲಾಸ್ಟಿಕ್ ಪಟ್ಟಿ, ದಿನಕ್ಕೆ ನಾಲ್ಕು ಸಲ ಔಷಧಿ.

ಊರಿಗೆ ಫೋನ್ ಮಾಡಿ ಗಿಡದ ಚಿತ್ರ ಕಳಿಸಿದಾಗ ಅಮ್ಮ ಹೇಳಿದ್ದು ಇಷ್ಟೇ: “ಅಯ್ಯೋ, ಅದು ಕಡ್ಡಿಕಳ್ಳಿ ಕಣೋ! ಅದರ ಹಾಲು ಕಣ್ಣಿಗೆ ಬಿದ್ದೀತು ಅಂತ ನಿಮ್ಮನ್ನ ಬೇಲಿ ಹತ್ರ ಬಿಡ್ತಾನೇ ಇರ್ಲಿಲ್ಲ.” ಹೊಲದ ಬೇಲಿಯಲ್ಲಿ ಬಾಲ್ಯವಿಡೀ ಕಂಡ ಗಿಡವನ್ನು ಪಿಂಗಾಣಿ ಕುಂಡದಲ್ಲಿ ನಾನು ಗುರುತಿಸಿರಲಿಲ್ಲ.

ಗೊಂದಲಕ್ಕೆ ನಮ್ಮ ಮಾತೂ ಸ್ವಲ್ಪ ಕಾರಣ. ಪಾಪಾಸುಕಳ್ಳಿಯೂ ಕಳ್ಳಿ, ಕಡ್ಡಿಕಳ್ಳಿಯೂ ಕಳ್ಳಿ. ಆದರೆ ಮೊದಲನೆಯದು ಅಮೆರಿಕ ಖಂಡದಿಂದ ಬಂದ ನಿಜವಾದ ಕ್ಯಾಕ್ಟಸ್, ಎರಡನೆಯದು ಹರಳು ಗಿಡದ ಕುಟುಂಬಕ್ಕೆ ಸೇರಿದ ಯೂಫೋರ್ಬಿಯಾ. ಬಾಲ್ಕನಿಗಳಲ್ಲಿ ಮೂರು ಏಣಿನ ಕಂಬದಂತೆ ಬೆಳೆಯುವ ‘ಕ್ಯಾಕ್ಟಸ್’ ಕೂಡ ಹಲವು ಬಾರಿ ಯೂಫೋರ್ಬಿಯಾವೇ ಆಗಿರುತ್ತದೆ. ನಿಜವಾದ ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಹತ್ತಿಯಂಥ ಪುಟ್ಟ ದಿಂಬಿನಿಂದ ಹೊರಡುತ್ತವೆ. ಆ ದಿಂಬು ಕಾಣದಿದ್ದರೆ, ಹಾಲು ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಂಡು ಸೂಜಿಯಿಂದ ಒಮ್ಮೆ ಚುಚ್ಚಿ ನೋಡಿ. ಹಾಲು ಒಸರಿದರೆ ಆ ಗಿಡ ನಾಯಿ ಇರುವ ಮನೆಗೆ ಬೇಡ.

ಹಾಲು ತಗುಲಿಯೇಬಿಟ್ಟರೆ ವಾಂತಿ ಮಾಡಿಸಬೇಡಿ. ಕಣ್ಣನ್ನು ಹದಿನೈದು ನಿಮಿಷವಾದರೂ ಶುದ್ಧ ನೀರಿನಿಂದ ತೊಳೆದು, ಕೂದಲಿಗೆ ಅಂಟಿದ್ದನ್ನು ಕೈಗವಸು ತೊಟ್ಟು ಸೋಪಿನಿಂದ ತೆಗೆದು, ಗಿಡದ ಚಿತ್ರದೊಂದಿಗೆ ಅಂದೇ ವೈದ್ಯರಲ್ಲಿಗೆ ಒಯ್ಯಿರಿ. ನಮ್ಮ ಕರಿಯನ ಕಣ್ಣು ಉಳಿಯಿತು, ಆದರೆ ಓರೆಯಾಗಿ ಬಿಸಿಲು ಬಿದ್ದಾಗ ಗುಡ್ಡೆಯ ಮೇಲೆ ಮಂಜಿನಂಥ ಒಂದು ಚುಕ್ಕೆ ಈಗಲೂ ಕಾಣುತ್ತದೆ.