ರೋಸ್ಕಿಲ್ಡೆಯ ರಬಾಲ್ಡರ್ ಪಾರ್ಕ್: ಬಿಸಿಲಿದ್ದಾಗ ಸ್ಕೇಟಿಂಗ್, ಮಳೆ ಸುರಿದಾಗ ಕೆರೆ

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಎರಡು ವರ್ಷದಿಂದ ಅವಳಿಗೆ ಸ್ಕೇಟ್‌ಬೋರ್ಡ್ ಹುಚ್ಚು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿರುವ ನಮ್ಮ ಮನೆಯ ಸುತ್ತಮುತ್ತ ಆಡೋ ಜಾಗಕ್ಕೇನೂ ಬರವಿಲ್ಲ. ಆದರೂ ತಿಂಗಳಿಗೊಮ್ಮೆ ರೈಲು ಹತ್ತಿ, ಸುಮಾರು 30 ಕಿಲೋಮೀಟರ್ ದೂರದ ರೋಸ್ಕಿಲ್ಡೆಗೆ ಹೋಗಿ ಬರುತ್ತೇವೆ. ಅಲ್ಲಿರುವುದು ರಬಾಲ್ಡರ್ ಪಾರ್ಕ್. ಡ್ಯಾನಿಷ್‌ನಲ್ಲಿ ರಬಾಲ್ಡರ್ ಅಂದರೆ ಗದ್ದಲ. ಭಾನುವಾರ ಮಧ್ಯಾಹ್ನ ಹತ್ತಾರು ಬೋರ್ಡು ಒಟ್ಟಿಗೆ ಕಾಂಕ್ರೀಟಿನ ಮೇಲೆ ಉರುಳುವಾಗ ಅಲ್ಲಿ ನಿಂತು ನೋಡಿ, ಹೆಸರು ಎಷ್ಟು ಸರಿಯಾಗಿದೆ ಅಂತ ಗೊತ್ತಾಗುತ್ತದೆ.

ಹಿಂದೆ ಕಾಂಕ್ರೀಟ್ ಕಾರ್ಖಾನೆ ಇದ್ದ ಜಾಗ ಇದು. ಈಗ ಮ್ಯೂಸಿಕಾನ್ ಅನ್ನೋ ಹೊಸ ಬಡಾವಣೆ. ಮನೆ, ರಸ್ತೆ ಬಂದ ಕಡೆ ಮಳೆನೀರು ಇಂಗೋದಕ್ಕೆ ಮಣ್ಣೇ ಉಳಿಯೋದಿಲ್ಲ, ಆ ನೀರಿಗೊಂದು ದಾರಿ ಮಾಡಲೇಬೇಕು. ಸಾಮಾನ್ಯವಾಗಿ ನೆಲದಡಿ ಪೈಪು ಹೂತು, ಕೊನೆಗೊಂದು ಹೊಂಡ ತೋಡಿ, ಸುತ್ತ ಬೇಲಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ವರ್ಷಕ್ಕೆ ನಾಲ್ಕು ದಿನ ಹೊಂಡಕ್ಕೆ ಕೆಲಸ. ಮಿಕ್ಕ ದಿನ ಅಷ್ಟೂ ಜಾಗ ಯಾರಿಗೂ ಇಲ್ಲ. ಇಲ್ಲಿನ ವಾಸ್ತುಶಿಲ್ಪಿ ಸೋರೆನ್ ನೋರ್ಡಾಲ್ ಎನೆವೋಲ್ಡ್‌ಸೆನ್ ತಾವೂ ಸ್ಕೇಟರ್. ಮಳೆನೀರಿನ ಕಾಲುವೆ, ಹೊಂಡಗಳನ್ನೇ ಆಟದ ಜಾಗವಾಗಿ ರೂಪಿಸಿದರು. 2012ರಲ್ಲಿ ಪಾರ್ಕ್ ತೆರೆಯಿತು.

ನಾನು ಸಿವಿಲ್ ಎಂಜಿನಿಯರ್. ಚರಂಡಿ, ಕಾಲುವೆ ನನ್ನ ದಿನದ ಅನ್ನ. ಅದಕ್ಕೇ ಇರಬೇಕು, ಮಗಳು ಬೋರ್ಡ್ ಮೇಲಿದ್ದರೆ ನನ್ನ ಕಣ್ಣು ನೆಲದ ಮೇಲೆ. ಹರಿಯೋ ನೀರಿಗೆ ಮೆಟ್ಟಿಲು, ಮೂಲೆ ಆಗೋದಿಲ್ಲ. ಇಳಿಜಾರು ಒಂದೇ ಸಮ ಇರಬೇಕು, ತಿರುವು ದುಂಡಗಿರಬೇಕು, ಮೈ ನುಣುಪಾಗಿರಬೇಕು. ಬೋರ್ಡಿನ ಗಾಲಿ ಕೇಳೋದೂ ಅದನ್ನೇ! ಕಾಲುವೆಯ ಅಂಚಿನಿಂದ ಮಗಳು ಇಳಿದು, ಎದುರು ದಡ ಹತ್ತಿ, ತಿರುಗಿ ವಾಪಸ್ ಬರುವಾಗ ನನಗೆ ಕಾಣೋದು ಎರಡೂ ದಡ ಸವರಿಕೊಂಡು ಹೋಗುವ ಹಳ್ಳದ ನೀರು.

ಕಾಲುವೆಯ ನೀರು ಸೇರಲು ಮೂರು ಹೊಂಡಗಳಿವೆ. ಮಾಮೂಲಿ ಮಳೆಯ ನೀರು ಮೊದಲನೆಯದಕ್ಕೆ. ಜೋರು ಮಳೆಯಾದರೆ ಮುಂದಿನದು ತುಂಬುತ್ತದೆ. ಬಟ್ಟಲಿನ ಹಾಗೆ ತಗ್ಗಾದ ಸ್ಕೇಟಿಂಗ್ ಬೌಲ್‌ಗಳಿರುವ ಕೊನೆಯದು ತುಂಬಬೇಕಾದರೆ ಆಕಾಶವೇ ಕಳಚಿ ಬೀಳಬೇಕು. ಅಂಥ ಮಳೆ ಈ ಕಡೆ ಬರೋದೇ ಇಲ್ಲ ಅನ್ನೋ ಹಾಗಿಲ್ಲ. 2011ರ ಜುಲೈ 2ರಂದು ಕೋಪನ್‌ಹೇಗನ್ ಮೇಲೆ ಎರಡೇ ಗಂಟೆಯಲ್ಲಿ ಸುಮಾರು 150 ಮಿಲಿಮೀಟರ್ ಸುರಿದು, ನೆಲಮಾಳಿಗೆಗಳೆಲ್ಲ ಮುಳುಗಿದ್ದವು. ರಬಾಲ್ಡರ್ ಪಾರ್ಕ್ ಒಟ್ಟು 23,000 ಘನ ಮೀಟರ್, ಅಂದರೆ 2.3 ಕೋಟಿ ಲೀಟರ್ ನೀರು ಹಿಡಿಯುತ್ತದೆ. ಬೆಂಗಳೂರಿನವರಿಗೆ ತಿಳಿಯೋ ಹಾಗೆ ಹೇಳಬೇಕೆಂದರೆ, 12,000 ಲೀಟರಿನ ಟ್ಯಾಂಕರ್‌ನಲ್ಲಿ ಸುಮಾರು 1,900 ಲೋಡು.

ಕಳೆದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಚನ್ನಗಿರಿ ಕಡೆಯವರು, ಸೂಳೆಕೆರೆ ಕೋಡಿ ಬೀಳೋದನ್ನು ನೋಡುತ್ತಾ ಬೆಳೆದವರು. ದಡದ ಮೇಲೆ ಕೂತು ಐದು ನಿಮಿಷ ನೋಡಿದರು. "ಇದು ಕೆರೆ ಕಣೇ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗತ್ತೆ, ನಮ್ಮ ಕಡೆ ಸರಣಿ ಕೆರೆ ಇರಲ್ವಾ, ಹಾಗೆ" ಅಂದರು. ಆಮೇಲೆ ಕೈಯಲ್ಲಿದ್ದ ಬಾಟಲಿಯ ನೀರನ್ನು ಕಾಲುವೆಯ ಅಂಚಿಗೆ ಸುರಿದರು. ನೀರು ಜಾರಿ ತಳ ಮುಟ್ಟಿ, ಒಂದು ಕ್ಷಣ ನಿಂತು, ಬೆರಳಗಲದ ಎಳೆಯಾಗಿ ಹೊಂಡದ ದಿಕ್ಕಿಗೆ ಹೊರಟಿತು. ಮಗಳು ಬೋರ್ಡ್ ಕಂಕುಳಲ್ಲಿಟ್ಟುಕೊಂಡು ಅದರ ಪಕ್ಕದಲ್ಲೇ ನಡೆದಳು. ಬಿಸಿಲಿಗೆ ಆ ಎಳೆ ಆರುವವರೆಗೂ ಬಿಡಲಿಲ್ಲ. "ಅಜ್ಜಿ, ಇನ್ನೊಂದು ಬಾಟಲಿ ಇದೆಯಾ?"

ಇಷ್ಟೊಂದು ಕಾಂಕ್ರೀಟ್ ಸುರಿದು ಪರಿಸರಸ್ನೇಹಿ ಅಂದರೆ ಹೇಗೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈ ಆಕ್ಸೈಡ್‌ನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ತಯಾರಿಕೆಯದ್ದು. ಆದರೆ ಈ ಕಾಲುವೆ ಹೇಗಿದ್ದರೂ ಬೇಕಿತ್ತು, ಸ್ಕೇಟ್ ಪಾರ್ಕ್ ಬೇರೆ ಕಟ್ಟಿದ್ದರೆ ಎರಡೆರಡು ಸಲ ಕಾಂಕ್ರೀಟ್ ಸುರಿಯಬೇಕಾಗುತ್ತಿತ್ತು. ಗಿಡ ನೆಟ್ಟು, ಸೋಲಾರ್ ದೀಪ ಹಾಕಿ ‘ಹಸಿರು ಪಾರ್ಕ್’ ಅಂತ ಬೋರ್ಡು ತಗುಲಿಸೋದಕ್ಕಿಂತ ಈ ಲೆಕ್ಕ ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಪ್ರವೇಶ ಉಚಿತ. ಹೆಲ್ಮೆಟ್, ಮೊಣಕಾಲಿನ ಪ್ಯಾಡ್ ಮನೆಯಿಂದಲೇ ಒಯ್ಯಿರಿ. ಮಳೆನೀರು ಹರಿಯೋ ಜಾಗವಾದ್ದರಿಂದ ಮರಳು, ಎಲೆ ಸಹಜ, ಸಣ್ಣ ಗಾಲಿಗೆ ಒಂದು ಹರಳು ಸಿಕ್ಕರೂ ಸಾಕು, ಮಗು ಮುಗ್ಗರಿಸುತ್ತದೆ. ನಮ್ಮ ಚೀಲದಲ್ಲಿ ಸದಾ ಒಂದು ಮೋಟು ಪೊರಕೆ ಇರುತ್ತದೆ. ಕಾಂಕ್ರೀಟ್ ಒದ್ದೆಯಿದ್ದರೆ ಬೋರ್ಡ್ ಇಳಿಸಲೇಬೇಡಿ. ಬಿಸಿಲಿಗೆ ಟೋಪಿ ಇರಲಿ, ಬೌಲ್‌ಗಳ ನಡುವೆ ನೆರಳು ಸಿಗೋದಿಲ್ಲ. ಈ ಪಾರ್ಕಿಗೆ ನಾನು ಕೊಡೋ ಐದು ಅಂಕದಲ್ಲಿ ಅರ್ಧ ಕಳೆದದ್ದು ಅದಕ್ಕೇ, ಉಳಿದ ನಾಲ್ಕೂವರೆ ಮನಸ್ಸಿಟ್ಟು ಕೊಟ್ಟದ್ದು. ಸಾಧ್ಯವಾದರೆ ಜೋರು ಮಳೆಯ ಮರುದಿನ ಹೋಗಿ. ಮೊದಲು ಹೊಂಡದ ಹತ್ತಿರ ನಿಂತು ನೀರು ಎಲ್ಲಿವರೆಗೆ ಬಂದಿದೆ ಮಕ್ಕಳಿಗೆ ತೋರಿಸಿ. ಅಷ್ಟೊತ್ತಿಗೆ ಬೌಲ್ ಒಣಗಿರುತ್ತದೆ.